ಎರಡು ಬೆರಳು ಬಟ್ಟೆ

ಮಹಬೂಬೀ ಕೆಲಸ ಬಿಟ್ಟಳು ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಅವಳು ಬಿಟ್ಟಿದ್ದಲ್ಲ, ಬಿಡಿಸಿದ್ದು. ಹದಿನಾಲ್ಕು ವರ್ಷ ಒಂದೇ ಮೇಜಿನ ಮುಂದೆ ನಿಂತು ಕತ್ತರಿ ಆಡಿಸಿದವಳನ್ನು ಮೊಬೈಲಿನಲ್ಲಿ ಎರಡು ಸಾಲು ಕಳಿಸಿ ಬಿಡಿಸಿದರು. ಮುಖ ನೋಡಿ ಹೇಳುವುದಕ್ಕೆ ಅರ್ಧ ಗಂಟೆ ಬೇಕಲ್ಲ, ಅಷ್ಟು ಪುರಸೊತ್ತು ನಮ್ಮ ಮ್ಯಾನೇಜರ್ ಸಾಹೇಬರಿಗೆ ಎಲ್ಲಿಂದ ಬರಬೇಕು.

ನಾನು ಶರಣಮ್ಮ. ಕಲ್ಮಲದಿಂದ ದಿನಾ ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಗಂಜ್ ಕಡೆ ವಿರೂಪಣ್ಣ ಸಾವ್ಕಾರರ ಹಳೆಯ ಅಕ್ಕಿ ಗಿರಣಿಯ ಗೋದಾಮಿದೆ. ಅದರಲ್ಲಿ ಮೂವತ್ತು ಮಷಿನ್ ಹಾಕಿ ಶಾಲೆಯ ಬಟ್ಟೆ ಹೊಲಿಸುತ್ತಾರೆ. ಒಂದು ಟ್ರಸ್ಟಿನವರು ಹಳ್ಳಿ ಶಾಲೆಗಳ ಆರರಿಂದ ಎಂಟನೇ ಇಯತ್ತೆಯ ಹುಡುಗಿಯರಿಗೆ ಚೂಡಿದಾರ ಕೊಡುತ್ತಾರೆ, ಅದರ ಆರ್ಡರು ನಮಗೆ. ಒಂದು ವರ್ಷ ದೇವದುರ್ಗ ಕಡೆ, ಮರುವರ್ಷ ಮಾನ್ವಿ ಕಡೆ. ಅಂದರೆ ಒಂದು ಹುಡುಗಿಗೆ ಒಂದು ಚೂಡಿದಾರ ಎರಡು ವರ್ಷ ಬಾಳಬೇಕು. ಮಹಬೂಬೀ ಅಲ್ಲಿ ಕಟಿಂಗ್ ಮಾಸ್ಟರ್. ನನ್ನದು ಚೆಕಿಂಗ್ ಕೆಲಸ. ಹೊಲಿದು ಬಂದದ್ದನ್ನು ಟೇಪು ಹಿಡಿದು ಅಳೆದು, ಸರಿ ಇದ್ದರೆ ಕೊರಳಿನ ಒಳಗೆ ಹೊಲಿದ ಬಟ್ಟೆಯ ಚೀಟಿಯ ಮೇಲೆ ‘ಪಾಸ್’ ಅಂತ ಠಸ್ಸೆ ಒತ್ತುತ್ತೇನೆ. ಈ ಠಸ್ಸೆಯ ವಿಷಯ ಆಮೇಲೆ ಬರುತ್ತದೆ, ಅದನ್ನು ಬಿಟ್ಟು ನನ್ನ ಸಿಟ್ಟನ್ನಷ್ಟೇ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ.

ಮಹಬೂಬೀ ಹುಟ್ಟಿದ್ದು ಯಾಪಲದಿನ್ನಿಯಲ್ಲಿ. ಆರನೇ ಇಯತ್ತೆಯವರೆಗೆ ಓದಿದಳು, ಅದೂ ಪೂರ್ತಿ ಅಲ್ಲ. ಆ ವರ್ಷ ಅವರಮ್ಮ ರಾಯಚೂರಿನಿಂದ ಒಂದು ರೆಡಿಮೇಡ್ ಯೂನಿಫಾರ್ಮ್ ತಂದುಕೊಟ್ಟಿದ್ದರಂತೆ. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಹುಡುಗಿ ಬೆಳೆದಳು, ಎದೆಯ ಹತ್ತಿರ ಬಟ್ಟೆ ಬಿಗಿಯಾಯಿತು. ಬಿಚ್ಚಿ ದೊಡ್ಡದು ಮಾಡೋಣವೆಂದು ಅಮ್ಮ ತಿರುವಿ ನೋಡಿದರೆ ಒಳಗೆ ಏನೂ ಇಲ್ಲ, ಹೊಲಿಗೆಯ ಅಂಚಿಗೇ ಕತ್ತರಿಸಿದ್ದರು. ಒಂದು ತಿಂಗಳು ಪುಸ್ತಕದ ಚೀಲವನ್ನು ಎದೆಗೆ ಅವುಚಿಕೊಂಡೇ ಕೂತಳು. ಹಿಂದಿನ ಸಾಲಿನ ಹುಡುಗರು ನಗುವುದು ಹೆಚ್ಚಾದ ಮೇಲೆ ಹೋಗುವುದನ್ನೇ ಬಿಟ್ಟಳು. ಯಾಕೆ ಬಿಟ್ಟೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಶಾಲೆಯಲ್ಲೂ ಕೇಳಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದು ಜೊತೆಗೆ ಕೆಲಸ ಮಾಡಿದ ಹತ್ತನೇ ವರ್ಷದಲ್ಲಿ, ಡಬ್ಬಿಯ ಊಟ ಮಾಡುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಮಾನ್ವಿಯ ಹಫೀಜ್ ಜೊತೆ ಮದುವೆಯಾಯಿತು. ಅವನ ಅಪ್ಪ ಪೀರಾ ಸಾಬ್ ಬಸ್ ನಿಲ್ದಾಣದ ಹತ್ತಿರ ದರ್ಜಿ. ಹಫೀಜನಿಗೆ ಹೊಲಿಗೆ ಹತ್ತಲಿಲ್ಲ, ಆಟೋ ಹಿಡಿದ. ಸೊಸೆಗೆ ಹತ್ತಿತು. ಪೀರಾ ಸಾಬ್ ಮಕ್ಕಳ ಬಟ್ಟೆ ಹೊಲಿದಾದ ಮೇಲೆ ಮೊದಲು ಅದನ್ನು ಒಳಹೊರಗು ಮಾಡುತ್ತಿದ್ದರಂತೆ. ಬಗಲಿನ ಹೊಲಿಗೆಯ ಒಳಗೆ ಎರಡೆರಡು ಬೆರಳು ಅಗಲ ಬಟ್ಟೆ ಮಡಿಚಿ ಬಿಟ್ಟಿರಬೇಕು, ಕೆಳಗಿನ ಅಂಚಿಗೆ ನಾಲ್ಕು ಬೆರಳು. ಅದಿಲ್ಲದಿದ್ದರೆ ಎಷ್ಟು ಚಂದ ಹೊಲಿದಿದ್ದರೂ ಬಿಚ್ಚು ಅನ್ನುತ್ತಿದ್ದರು. ಮಗು ಬೆಳೆದಾಗ ತಾಯಿ ಹೊಲಿಗೆ ಬಿಚ್ಚಿ ಆ ಮಡಿಕೆಯನ್ನು ಬಿಡಿಸಿಕೊಳ್ಳಬೇಕು, ಇನ್ನೊಂದು ವರ್ಷ ನಡೆಯಬೇಕು. ಮಹಬೂಬೀ ಆ ಎರಡು ಬೆರಳನ್ನು ಮಾವನಿಂದ ಕಲಿತಳು. ಅದರ ಅರ್ಥವನ್ನು ಮಾವ ಕಲಿಸಬೇಕಾಗಿರಲಿಲ್ಲ.

ಇನ್ನು ನಮ್ಮ ಮ್ಯಾನೇಜರ್ ಅಂಬರೀಶ ಸರ್. ಸಾವ್ಕಾರರ ಅಕ್ಕನ ಮಗ, ಹುಬ್ಬಳ್ಳಿಯಲ್ಲಿ ಎಂಬಿಎ ಓದಿ ಬಂದವನು. ಹೋದ ನವೆಂಬರಿನಲ್ಲಿ ಬಂದು ಗೋದಾಮಿನ ನಡುವೆ ನಿಂತು ಮೊಬೈಲಿನಲ್ಲಿ ಸೆಕೆಂಡು ಎಣಿಸತೊಡಗಿದ. ಒಂದು ತೋಳು ಹೊಲಿಯಲು ಎಷ್ಟು, ಕಾಲರಿಗೆ ಎಷ್ಟು, ನೀರು ಕುಡಿದು ಬರಲು ಎಷ್ಟು. ನಮಗೆಲ್ಲ ನಗು ಬಂತು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಅವನು ಮಾಡಿದ್ದು ಎಲ್ಲವೂ ಕೆಟ್ಟದ್ದಲ್ಲ. ಮಷಿನ್‌ಗಳನ್ನು ಸಾಲಾಗಿ ಇಡಿಸಿದ, ನಾವು ಕಟ್ಟು ಹೊತ್ತು ಆ ತುದಿಯಿಂದ ಈ ತುದಿಗೆ ಓಡಾಡುವುದು ತಪ್ಪಿತು. ಸುಟ್ಟುಹೋಗಿದ್ದ ಫ್ಯಾನು ಹಾಕಿಸಿದ. ಅದಕ್ಕಿಂತ ಮುಖ್ಯ, ಹಿಂದಿನ ವರ್ಷ ನಾವು ಮಾನ್ವಿಯ ಬಟ್ಟೆ ಕೊಟ್ಟಿದ್ದು ಸೆಪ್ಟೆಂಬರಿನಲ್ಲಿ. ಮೂರು ತಿಂಗಳು ಹುಡುಗಿಯರು ಹಳೆಯ ಬಟ್ಟೆಯಲ್ಲೇ ಹೋಗಿದ್ದರು. ನಾವು ಚಂದ ಹೊಲಿದೆವು ಎಂದು ಬೀಗುತ್ತಾ ಕೂತಿದ್ದೆವು, ತೊಡಬೇಕಾದವರಿಗೆ ಸಿಕ್ಕಿರಲಿಲ್ಲ. ಈ ಸಲ ಜೂನಿಗೆ ಕೊಡಲೇಬೇಕು ಎಂದು ಅಂಬರೀಶ ಹೇಳಿದಾಗ ಮಹಬೂಬೀ ಎಲ್ಲರಿಗಿಂತ ಮೊದಲು ಹೌದು ಎಂದಳು.

ಅವನು ಕಟಿಂಗ್ ಮೇಜಿನ ಹತ್ತಿರ ಬಂದಾಗ ಕೆಟ್ಟಿತು. ಮಹಬೂಬೀ ಬಟ್ಟೆಯ ಹೊಸ ಥಾನು ಬಂದಾಗ ಒಂದು ತುಂಡು ಕತ್ತರಿಸಿ ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಎಷ್ಟು ಕುಗ್ಗಿತು ಎಂದು ನೋಡುತ್ತಿದ್ದಳು. ಇದಕ್ಕೊಂದು ದಿನ ಯಾಕೆ ಹಾಳು ಎಂದು ಅದನ್ನು ನಿಲ್ಲಿಸಿದ. ಆಮೇಲೆ ಒಂದು ಟಾಪನ್ನು ತಿರುವಿ ಹಿಡಿದು, ಒಳಗಿನ ಮಡಿಕೆಯನ್ನು ಸ್ಕೇಲಿನಿಂದ ಅಳೆದು, ಇದೇನು ಎಂದು ಕೇಳಿದ. ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ಬಟ್ಟೆ ಯಾಕೆ, ಒಂದೊಂದರಲ್ಲಿ ಇಷ್ಟು ಅಂದರೆ ಎರಡು ಸಾವಿರದಲ್ಲಿ ಎಷ್ಟು ಥಾನಾಯಿತು ಎಂದು ಲೆಕ್ಕ ಒಪ್ಪಿಸಿದ. ಮಹಬೂಬೀ ಕತ್ತರಿ ಕೆಳಗಿಟ್ಟಳು.

“ಅಂಬರೀಶಪ್ಪಾ, ನೀ ಹೇಳೋದು ಅರ್ಧ ಖರೇ ಅದ. ಹೋದ ವರ್ಷ ತಡ ಮಾಡಿದ್ದು ನಮ್ಮ ತಪ್ಪು. ಮಷಿನ್ ಹೆಂಗ ಬೇಕಾದ್ರೂ ಇಡು, ತಾಸು ಎಣಸು, ನಾ ಇನ್ನೊಂದು ತಾಸು ಹೆಚ್ಚಿಗಿ ನಿಂತು ಕಟ್ ಮಾಡ್ತೀನಿ. ಈ ಎರಡು ಬೆರಳು ಬಟ್ಟಿ ಮಾತ್ರ ಮುಟ್ಟಬ್ಯಾಡ. ಅದು ಹೆಚ್ಚಿಂದಲ್ಲ, ಆ ಹುಡುಗಿದು ಬರೋ ವರ್ಷದ್ದು.”

ಬರುವ ವರ್ಷದ್ದನ್ನು ಈ ವರ್ಷದ ಆರ್ಡರಿನಲ್ಲಿ ಕೊಡುವುದು ನಮ್ಮ ಕೆಲಸವಲ್ಲ ಎಂದ ಅವನು. ಬಹಳ ಮರ್ಯಾದೆಯಿಂದಲೇ ಹೇಳಿದ. ಮರ್ಯಾದೆಯಿಂದ ಹೇಳುವವರ ಮೇಲೆ ಕೂಗಾಡುವುದು ಹೇಗೆಂದು ನಮಗೆ ಯಾರೂ ಕಲಿಸಿಲ್ಲ, ಅದೇ ನಮ್ಮ ಕರ್ಮ. ಮಹಬೂಬೀ ಹೊಸ ಅಳತೆಯ ಮಾದರಿ ರಟ್ಟು ಕತ್ತರಿಸಲು ಒಪ್ಪಲಿಲ್ಲ. ಅವನು ಹೈದರಾಬಾದಿನಲ್ಲಿ ಕಂಪ್ಯೂಟರಿನಿಂದ ಕತ್ತರಿಸಿ ತರಿಸಿದ. ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವುದಷ್ಟೇ ಅವಳ ಪಾಲಿಗೆ ಉಳಿಯಿತು. ಬಿಟ್ಟು ಹೋಗಬಹುದಿತ್ತು. ಮನೆ ನಡೆಯಬೇಕಲ್ಲ, ಎಳೆದಳು. ಹೊಲಿದು ನನ್ನ ಮೇಜಿಗೆ ಬಂತು. ನಾನು ಟೇಪು ಹಿಡಿದೆ. ಎದೆ ಸರಿ, ಉದ್ದ ಸರಿ, ತೋಳು ಸರಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಠಸ್ಸೆ ಒತ್ತಿದೆ. ಎರಡು ಸಾವಿರ ಸಲ ಒತ್ತಿದೆ. ಒಂದನ್ನಾದರೂ ತಿರುವಿ ನೋಡಲಿಲ್ಲ, ತಿರುವಿದರೆ ಏನು ಕಾಣುತ್ತದೆ ಎಂದು ಗೊತ್ತಿತ್ತು.

ಜೂನ್ ಮೊದಲ ವಾರಕ್ಕೆ ದೇವದುರ್ಗದ ಹಳ್ಳಿಗಳಿಗೆಲ್ಲ ಬಟ್ಟೆ ತಲುಪಿತು. ಫೋಟೋ ತೆಗೆದರು, ಟ್ರಸ್ಟಿನವರು ಸಾವ್ಕಾರರಿಗೆ ಶಾಲು ಹೊದಿಸಿದರು, ನಮಗೆಲ್ಲ ಒಂದೊಂದು ಲಾಡು ಬಂತು. ಉಳಿದ ಬಟ್ಟೆಯ ಥಾನುಗಳನ್ನು ಅಂಬರೀಶ ತನ್ನ ಕೋಣೆಯ ಗಾಜಿನ ಕಪಾಟಿನಲ್ಲಿ ಬಂದವರಿಗೆ ಕಾಣುವಂತೆ ಜೋಡಿಸಿದ. ಮೇಲೆ ಒಂದು ಚೀಟಿ, ‘ಉಳಿತಾಯ’ ಎಂದು. ಯಾರ ಮೈಮೇಲಿಂದ ಉಳಿಸಿದ್ದು ಎಂದು ಚೀಟಿಯಲ್ಲಿ ಬರೆದಿರಲಿಲ್ಲ.

ಜುಲೈ ಕೊನೆಯಲ್ಲಿ ಒಂದು ಸೋಮವಾರ ಅರಕೇರಾದ ಶಾಲೆಯ ತಹಸೀನ್ ಟೀಚರ್ ಬಂದಳು. ಚಿಕ್ಕ ವಯಸ್ಸಿನ ಹುಡುಗಿ, ಕೈಯಲ್ಲಿ ಒಂದು ಗೋಣಿಚೀಲ. ಅದನ್ನು ನನ್ನ ಮೇಜಿನ ಮೇಲೆ ಸುರಿದಳು. ಹರಿದ ಟಾಪುಗಳು. ಬಗಲಿನಲ್ಲಿ ಬಿರಿದವು, ಬೆನ್ನಿನಲ್ಲಿ ಬಿರಿದವು, ಬೇರೆ ಬಣ್ಣದ ದಾರದಿಂದ ತಾಯಂದಿರು ಹೇಗೋ ಕೂಡಿಸಿದವು, ಮತ್ತೆ ಬಿರಿದವು. ನಾಲ್ಕು ಸಲ ಒಗೆಯುವಷ್ಟರಲ್ಲಿ ಬಟ್ಟೆ ಕುಗ್ಗಿತ್ತು, ಹುಡುಗಿಯರು ಬೆಳೆದಿದ್ದರು, ಬಿಚ್ಚಿ ದೊಡ್ಡದು ಮಾಡಲು ಒಳಗೆ ಏನೂ ಇರಲಿಲ್ಲ. ನಲವತ್ಮೂರರಲ್ಲಿ ಮೂವತ್ತೊಂದು ಹೀಗಾಗಿವೆ, ಒಂಬತ್ತು ಹುಡುಗಿಯರು ಶಾಲೆಗೆ ಬರುವುದನ್ನೇ ನಿಲ್ಲಿಸಿದ್ದಾರೆ ಎಂದಳು. ಎಂಟನೇ ಇಯತ್ತೆಯ ಐಶ್ವರ್ಯ ಎಂಬುವಳ ಚಿಂತೆ ಹೆಚ್ಚು ಎಂದಳು. ಅಪ್ಪ ಅಮ್ಮ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಶಾಲೆಗೆ ಹೋಗುತ್ತಾಳೆಂಬ ಒಂದೇ ಕಾರಣಕ್ಕೆ ಅವಳನ್ನು ಅಜ್ಜನ ಹತ್ತಿರ ಬಿಟ್ಟಿದ್ದಾರೆ. ಹೋಗುತ್ತಿಲ್ಲ ಎಂದು ಗೊತ್ತಾದರೆ ಕರೆದುಕೊಂಡು ಹೋಗುತ್ತಾರೆ.

ಚೀಟಿಗಳ ಮೇಲೆ ನನ್ನ ಠಸ್ಸೆ ಇನ್ನೂ ಅಳಿಸಿರಲಿಲ್ಲ. ಮಹಬೂಬೀ ಅದನ್ನು ನೋಡಿದಳು, ಟಾಪುಗಳನ್ನು ಮತ್ತೆ ಚೀಲಕ್ಕೆ ತುಂಬಿಟ್ಟಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅವಳು ನೇರವಾಗಿ ಅಂಬರೀಶನ ಕೋಣೆಗೆ ಹೋಗಿ ಕಪಾಟಿನಲ್ಲಿದ್ದ ಒಂದು ಥಾನು ಕೇಳಿದಳು. ಬಗಲಿಗೆ ಪಟ್ಟಿ ಕೂಡಿಸಿ ಎರಡು ದಿನದಲ್ಲಿ ಎಲ್ಲ ಸರಿ ಮಾಡಿ ಬರುತ್ತೇನೆ, ಕೂಲಿಯೂ ಬೇಡ ಎಂದಳು. ಅವನು ಇಲ್ಲ ಅನ್ನಲಿಲ್ಲ. ಇಲ್ಲ ಅಂದಿದ್ದರೆ ಆಗಲೇ ಜಗಳ ಮಾಡಿ ಮುಗಿಸುತ್ತಿದ್ದೆವು. ಟ್ರಸ್ಟಿನಿಂದ ಬರಹದಲ್ಲಿ ದೂರು ಬರಲಿ, ಆ ಥಾನನ್ನು ಉಳಿತಾಯ ಎಂದು ರಿಪೋರ್ಟಿನಲ್ಲಿ ತೋರಿಸಿಯಾಗಿದೆ, ತೆಗೆಯಬೇಕಾದರೆ ಸಾವ್ಕಾರ ಮಾವನ ಒಪ್ಪಿಗೆ ಬೇಕು, ಒಂದೆರಡು ದಿನ ತಡೆಯಿರಿ ಎಂದ. ಮಂಗಳವಾರ ಕೇಳಿದಳು, ಮೇಲ್ ಕಳಿಸಿದ್ದೇನೆ ಎಂದ. ಬುಧವಾರ ಉತ್ತರ ಬಂದಿಲ್ಲ ಎಂದ. ಗುರುವಾರ ಸಾವ್ಕಾರರು ಬಳ್ಳಾರಿಗೆ ಹೋಗಿದ್ದರು. ಶುಕ್ರವಾರ ಅವನೇ ಒಂದು ಮೀಟಿಂಗಿನಲ್ಲಿದ್ದ. ನಾವು ನೀರು ಕುಡಿಯುವುದನ್ನು ಸೆಕೆಂಡಿನಲ್ಲಿ ಎಣಿಸಿದ ಮನುಷ್ಯನಿಗೆ ಒಂದು ಕಪಾಟಿನ ಬಾಗಿಲು ತೆಗೆಯಲು ಐದು ದಿನ ಸಾಲಲಿಲ್ಲ.

ಶನಿವಾರ ಬೆಳಿಗ್ಗೆ ಮಹಬೂಬೀ ಯಾರನ್ನೂ ಕೇಳದೆ ಕಪಾಟು ತೆಗೆದು ಒಂದು ಥಾನು ಹೆಗಲಿಗೆ ಹಾಕಿ, ಟೀಚರ್ ಬಿಟ್ಟುಹೋಗಿದ್ದ ಗೋಣಿಚೀಲ ಕೈಯಲ್ಲಿ ಹಿಡಿದಳು. ಕೈಯಿಂದ ತಿರುಗಿಸುವ ಹಳೆಯ ಮಷಿನ್ ಒಂದು ಮೂಲೆಯಲ್ಲಿತ್ತು, ಅದನ್ನು ನಾನು ಎತ್ತಿಕೊಂಡೆ. ಯಾಕೆ ಬರುತ್ತೀ, ನಿನ್ನ ಕೆಲಸವೂ ಹೋಗುತ್ತದೆ ಎಂದಳು. ನನ್ನ ಠಸ್ಸೆ ಅಲ್ಲಿದೆ ಎಂದೆ. ದೇವದುರ್ಗದ ಬಸ್ಸು ಹತ್ತಿದೆವು, ಅಲ್ಲಿಂದ ಅರಕೇರಾ.

ಶಾಲೆಯ ಪಡಸಾಲೆಯಲ್ಲಿ ಎರಡು ದಿನ ಕೂತೆವು. ತಹಸೀನ್ ಟೀಚರ್ ಊರಿನಿಂದ ಇನ್ನೊಂದು ಮಷಿನ್ ತರಿಸಿಕೊಟ್ಟಳು. ಬಗಲು ಬಿಚ್ಚುವುದು, ತೋಳು ಅರ್ಧ ಬಿಚ್ಚುವುದು, ಪಟ್ಟಿ ಕೂಡಿಸುವುದು, ಪಟ್ಟಿಯ ಒಳಗೆ ಮತ್ತೆ ಎರಡು ಬೆರಳು ಮಡಿಚುವುದು. ಎರಡು ಬೆರಳು ಬಿಟ್ಟಿದ್ದರೆ ತಾಯಂದಿರು ಮನೆಯಲ್ಲೇ ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ನಾವಿಬ್ಬರೂ ಒಂದೊಂದು ಟಾಪಿಗೆ ಮುಕ್ಕಾಲು ಗಂಟೆ ಸವೆಸಿದೆವು. ಖರ್ಚಾದ ಬಟ್ಟೆ ಆ ಟಾಪುಗಳಲ್ಲಿ ಅಂಬರೀಶ ಉಳಿಸಿದ್ದರ ದುಪ್ಪಟ್ಟು. ಇದನ್ನು ನಾನು ಗೋಡೆಗೆ ಒರಗಿ ಲೆಕ್ಕ ಮಾಡಿ ಮಹಬೂಬೀಗೆ ಹೇಳಿದೆ. ಅವಳು ತಲೆಯೆತ್ತದೆ, ಅವನಿಗೆ ಹೇಳು, ನನಗ್ಯಾಕೆ ಹೇಳುತ್ತೀ ಎಂದಳು. ಹುಡುಗಿಯರು ಒಬ್ಬೊಬ್ಬರೇ ಬಂದರು. ಅವಳು ಪ್ರತಿಯೊಬ್ಬಳಿಗೂ ತೊಡಿಸಿ, ಕೈ ಮೇಲೆತ್ತಿಸಿ, ಬಗ್ಗಿಸಿ, ಓಡಿಸಿ ನೋಡಿದಳು. ಬರದೆ ಕೂತಿದ್ದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಬಂದು ತೊಟ್ಟುಕೊಂಡು ಹೋದರು.

ಭಾನುವಾರ ಸಂಜೆ ಒಂದು ಟಾಪು ಉಳಿಯಿತು. ಐಶ್ವರ್ಯಳದು. ಟೀಚರ್ ಜೊತೆ ಅವಳ ಮನೆಗೆ ಹೋದೆವು. ಅಜ್ಜ ಮೂಕಪ್ಪ ಬಾಗಿಲ ಮುಂದೆ ಎರಡು ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದ. ನಮ್ಮ ಕೈಯಲ್ಲಿದ್ದ ನೀಲಿ ಬಟ್ಟೆ ನೋಡಿಯೇ ಅವನಿಗೆ ತಿಳಿಯಿತು.

“ಬೇಸ್ತವಾರ ಅಕೀ ಅಪ್ಪ ಬಂದಿದ್ದನವ್ವಾ,” ಎಂದ. “ಸಾಲಿಗಿ ಹೋಗಲಾರದಕಿ ಇಲ್ಲಿ ಕುಂತು ಏನ್ ಮಾಡ್ತಾಳ, ಇಟ್ಟಂಗಿ ಆದ್ರೂ ಹೊರ್ತಾಳ ಅಂದ, ಕರಕೊಂಡು ಹೋದ. ಯಾಕ ಹೋಗವಲ್ಲಿ ಅಂತ ನಾನೂ ಭಾಳ ಕೇಳಿದೆ. ಬಾಯಿ ಬಿಡಲಿಲ್ಲ ಹುಡುಗಿ. ಗಂಡಸರ ಮುಂದ ಹೆಂಗ ಹೇಳಬೇಕು ಅದನ್ನ.”

ಗುರುವಾರ. ಸಾವ್ಕಾರರು ಬಳ್ಳಾರಿಗೆ ಹೋಗಿದ್ದ ದಿನ. ನಾವು ಒಪ್ಪಿಗೆಗೆ ಕಾಯುತ್ತಾ ಮೇಜಿನ ಮುಂದೆ ನಿಂತಿದ್ದ ದಿನ. ಮಹಬೂಬೀ ಅಲ್ಲೇ ಕಟ್ಟೆಯ ಮೇಲೆ ಕೂತಳು. ಆ ಟಾಪನ್ನು ತಿರುವಿ, ಒಳಗಿನ ಮಡಿಕೆಯನ್ನು ಹೆಬ್ಬೆರಳಿನಿಂದ ನೀವಿದಳು. ಅವಳು ಅತ್ತದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ, ಆವತ್ತೂ ನೋಡಲಿಲ್ಲ. ಸೋಮವಾರವೇ ಕಪಾಟು ತೆಗೆಯಬೇಕಿತ್ತು, ಯಾರ ಅಪ್ಪಣೆಗೆ ಕಾದೆ ನಾನು ಎಂದು ತನ್ನನ್ನೇ ಬೈದುಕೊಂಡಳು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಟಾಪನ್ನು ನನ್ನ ಕೈಗಿಟ್ಟು, ಇದನ್ನು ಅವನ ಕೈಗೆ ಕೊಡು, ನನಗೆ ಆಗುವುದಿಲ್ಲ ಎಂದಳು.

ಆ ರಾತ್ರಿಯೇ ಅವಳ ಮೊಬೈಲಿಗೆ ಆ ಎರಡು ಸಾಲು ಬಂದವು. ಕೇಳದೆ ಥಾನು ಒಯ್ದದ್ದಕ್ಕೆ ಕಳ್ಳತನ ಎಂಬ ಶಬ್ದ ಬಳಸಿರಲಿಲ್ಲ, ‘ಶಿಸ್ತು’ ಎಂದು ಬರೆದಿದ್ದ ಅಂಬರೀಶ. ಮರುದಿನ ಅವಳು ಸಾವ್ಕಾರರನ್ನು ಕಂಡಳು. ವಿರೂಪಣ್ಣ ಕೆಟ್ಟವರಲ್ಲ, ಹಣೆಗೆ ವಿಭೂತಿ ಹಚ್ಚದೆ ಮನೆ ಬಿಟ್ಟು ಹೊರಡದ ಮನುಷ್ಯ. ಒಂದು ತಪ್ಪೊಪ್ಪಿಗೆ ಬರೆದುಕೊಡು, ಮತ್ತೆ ಕೆಲಸಕ್ಕೆ ಬಾ ಎಂದರು. ಬರೆಯುತ್ತೇನೆ, ಆ ಎರಡು ಬೆರಳನ್ನು ರಟ್ಟಿಗೆ ಮತ್ತೆ ಸೇರಿಸಿ ಎಂದಳು ಅವಳು. ಮಾನ್ವಿಯ ಆರ್ಡರಿಗೆ ಈ ಬಟ್ಟೆಯ ಲೆಕ್ಕದಲ್ಲೇ ರೇಟು ಕೊಟ್ಟಾಗಿದೆಯಲ್ಲವ್ವಾ ಎಂದರು ಸಾವ್ಕಾರರು. ಅಷ್ಟಕ್ಕೆ ಮಾತು ಮುಗಿಯಿತು. ತನ್ನ ಕತ್ತರಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಮಾನ್ವಿಯ ಬಸ್ಸು ಹತ್ತಿದಳು. ಈಗ ಮಾವ ಕೂರುತ್ತಿದ್ದ ಜಾಗದಲ್ಲೇ ಒಂದು ಮಷಿನ್ ಹಾಕಿಕೊಂಡು ಕೂತಿದ್ದಾಳೆ. ಹಳೆಯ ಬಟ್ಟೆ ದೊಡ್ಡದು ಮಾಡಿಕೊಡುತ್ತೇನೆ ಎಂದು ಹಫೀಜ್ ಕೈಯಲ್ಲಿ ಬೋರ್ಡು ಬರೆಸಿದ್ದಾಳೆ.

ನಾನು ಬಿಡಲಿಲ್ಲ. ಮನೆಯಲ್ಲಿ ಕಾರಣಗಳಿವೆ, ಅವನ್ನು ಹೇಳಿ ನಿಮ್ಮ ಕನಿಕರ ಕೇಳುವುದಿಲ್ಲ. ಥಾನು ಹೊತ್ತವಳನ್ನು ಕಳಿಸಿ, ಮಷಿನ್ ಹೊತ್ತವಳನ್ನು ಯಾಕೆ ಉಳಿಸಿಕೊಂಡರೋ ಗೊತ್ತಿಲ್ಲ. ಠಸ್ಸೆ ಒತ್ತಲು ಒಬ್ಬಳು ಬೇಕಲ್ಲ, ಅದಕ್ಕಿರಬೇಕು.

ಮಂಗಳವಾರ ಆ ಟಾಪನ್ನು ಅಂಬರೀಶನ ಮೇಜಿನ ಮೇಲಿಟ್ಟೆ. ಅರಕೇರಾದ್ದು, ತೊಡುವವಳು ಇಟ್ಟಂಗಿ ಹೊರಲು ಹೋದಳು ಎಂದು ಎಲ್ಲ ಹೇಳಿದೆ. ಅವನು ಮುಖ ಸಣ್ಣಗೆ ಮಾಡಿ ಕೇಳಿದ. ಪಾಪ ಎಂದೂ ಅಂದ. ಆಮೇಲೆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

“ಛಲೋ ಆತು ಶರಣಮ್ಮಕ್ಕಾ, ಹೊಸಾದು ಇದ್ದಂಗ ಅದ. ಮಾನ್ವಿ ಲಾಟಿಗಿ ಸೇರಿಸಿಬಿಡೂಣು, ಒಂದು ಪೀಸ್ ವೇಸ್ಟ್ ಆಗಲಿಲ್ಲ.”

ಹೊಡೆಯಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವನು ಆಗಲೇ ವಾಪಸಾದ ಮಾಲಿನ ಫಾರ್ಮು ತೆಗೆದು ನನ್ನ ಮುಂದೆ ಇಟ್ಟಿದ್ದ. ಊರು, ಅಳತೆ, ಸಂಖ್ಯೆ, ಕಾರಣ. ಕಾರಣದ ಕೆಳಗೆ ಅವನೇ ಮಾಡಿದ ನಂಬರುಗಳು. ಒಂದು, ಹೊಲಿಗೆ ಬಿಟ್ಟಿದೆ. ಎರಡು, ಬಣ್ಣ ಹೋಗಿದೆ. ಮೂರು, ಅಳತೆ ತಪ್ಪಿದೆ. ಯಾವುದಾದರೂ ಒಂದಕ್ಕೆ ಗುರುತು ಹಾಕಿ ಸಹಿ ಮಾಡಬೇಕು. ನಾನು ಪೆನ್ನು ತೆಗೆದುಕೊಂಡು ಎಲ್ಲದರ ಕೆಳಗೆ, ಜಾಗವಿಲ್ಲದ ಕಡೆ, ‘ಹುಡುಗಿ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಅವನು ಓದಿದ. ಅದಕ್ಕೆ ಕೋಡ್ ನಂಬರ್ ಇಲ್ಲ, ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಎಂದ.

“ಒಂದು ನಂಬರ್ ಮಾಡಿ ಇಡ್ರಿ ಸರ್,” ಎಂದೆ. “ಬರೋ ವರ್ಷ ಮಾನ್ವಿಗಿ ಭಾಳ ಬೇಕಾಗ್ತದ.”